ಹಿತ್ತಲಿನಿಂದ ನೀಹಾರಿಕೆಯವರೆಗೆ



ನಮ್ಮ ಶಾಲೆಗಳ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಸುರಯ್ಯಾ ಎಂಬ ಹೆಸರು ಸಿಗುತ್ತದೆ, ಪರ್ವೀನ್ ಎಂಬ ಹೆಸರೂ ಸಿಗುತ್ತದೆ. ಮೊದಲನೆಯದು ಅರಬ್ಬಿ, ಎರಡನೆಯದು ಫಾರಸಿ. ಎರಡೂ ಉರ್ದುವಿನ ಮೂಲಕ ನಮ್ಮ ಮನೆಗಳ ಹೆಸರಾದವು. ಎರಡೂ ಸೂಚಿಸುವುದು ಆಕಾಶದ ಒಂದೇ ನಕ್ಷತ್ರಗುಚ್ಛವನ್ನು. ಕನ್ನಡದಲ್ಲಿ ಅದನ್ನೇ ಕೃತ್ತಿಕೆ ಎನ್ನುತ್ತೇವೆ. ಅದರ ಹಿಂದೆಯೇ ಮೂಡಿ ಬರುವ ಕೆಂಪು ನಕ್ಷತ್ರ ರೋಹಿಣಿಯನ್ನು ಜಗತ್ತಿನ ವಿಜ್ಞಾನಿಗಳು ಅಲ್ಡೆಬರಾನ್ ಎನ್ನುತ್ತಾರೆ. ಅದು ಅರಬ್ಬಿಯ ‘ಅದ್ದಬರಾನ್’, ಅಂದರೆ ಹಿಂಬಾಲಿಸುವವನು. ಆದರೆ ಈ ಹೆಸರು ಹೊತ್ತ ಎಷ್ಟು ಹೆಣ್ಣುಮಕ್ಕಳು ತಮ್ಮ ಹೆಸರಿನ ನಕ್ಷತ್ರಗಳನ್ನು ಕಣ್ಣಾರೆ ಕಂಡಿದ್ದಾರೆ? ಇದಕ್ಕೆ ವೀಕ್ಷಣಾಲಯಕ್ಕೆ ಹೋಗಬೇಕಾಗಿಲ್ಲ. ಮನೆಯ ಹಿತ್ತಲು ಅಥವಾ ಮಾಳಿಗೆ ಸಾಕು.

ಡಿಸೆಂಬರ್, ಜನವರಿ ತಿಂಗಳ ರಾತ್ರಿ ಬೆಳದಿಂಗಳಿಲ್ಲದ ದಿನ ಮಾಳಿಗೆ ಹತ್ತಿ. ಮನೆಯ ಹೊರಗಿನ ದೀಪ ಆರಿಸಿ. ಇಪ್ಪತ್ತು ನಿಮಿಷ ಮೊಬೈಲ್ ಕಡೆಗೂ ನೋಡಬೇಡಿ. ನೆತ್ತಿಯ ಸಮೀಪ ಕೃತ್ತಿಕೆಯ ಆರೇಳು ನಕ್ಷತ್ರಗಳು ಗೊಂಚಲಾಗಿ ಕಾಣುತ್ತವೆ. ಗೆಲಿಲಿಯೋ ತನ್ನ ಚಿಕ್ಕ ದೂರದರ್ಶಕದಿಂದ ಅಲ್ಲಿ 36 ನಕ್ಷತ್ರಗಳನ್ನು ಕಂಡು, 1610ರ ಪುಸ್ತಕದಲ್ಲಿ ಚಿತ್ರ ಬರೆದಿಟ್ಟ. ಇಂದು ಸಾಮಾನ್ಯ ಬೈನಾಕ್ಯುಲರ್‌ನಿಂದ ನೀವೂ ಹತ್ತಾರು ನಕ್ಷತ್ರಗಳನ್ನು ಎಣಿಸಬಹುದು. ಈಗ ನಿಮ್ಮ ಕಣ್ಣಿಗೆ ತಾಗುವ ಆ ಬೆಳಕು ಅಲ್ಲಿಂದ ಹೊರಟು ಸುಮಾರು 440 ವರ್ಷಗಳಾಗಿವೆ.

ಅಲ್ಲಿಂದ ಮಹಾವ್ಯಾಧನ ಕಡೆಗೆ ಬನ್ನಿ. ಸಾಲಾಗಿ ನಿಂತ ಮೂರು ನಕ್ಷತ್ರಗಳೇ ಅವನ ನಡುಪಟ್ಟಿ. ಅದರಿಂದ ತೂಗುವ ಖಡ್ಗದ ನಡುವೆ ಒಂದು ಮಬ್ಬು ಚುಕ್ಕೆಯಿದೆ. ಅದೇ ಓರೈಯನ್ ನೀಹಾರಿಕೆ. ಸುಮಾರು 1,340 ಜ್ಯೋತಿರ್ವರ್ಷ ದೂರದಲ್ಲಿ, ಅನಿಲ ಮತ್ತು ಧೂಳಿನ ಮೋಡದೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತಾಣ. ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಹಾಯಿಸಿದರೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಇಲ್ಲಿ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. “ಪುಸ್ತಕದ ಚಿತ್ರದಲ್ಲಿ ಇದು ಕೆಂಪಾಗಿದೆ, ನಮಗೆ ಕಾಣುವುದು ಬೂದು ಬಣ್ಣ. ಹಾಗಾದರೆ ಚಿತ್ರ ಸುಳ್ಳೇ?” ಬಂಧುಗಳೇ, ಈ ಪ್ರಶ್ನೆಯನ್ನು ಗದರಿಸಿ ಕೂರಿಸಬಾರದು. ಮೊಬೈಲಿನಲ್ಲಿ ದಿನವೂ ನೂರಾರು ಚಿತ್ರಗಳು, ನಿಜವೂ ನಕಲಿಯೂ, ಬಂದು ಬೀಳುವ ಕಾಲದಲ್ಲಿ ಮಕ್ಕಳು ಕೇಳಬೇಕಾದ ಪ್ರಶ್ನೆಯೇ ಇದು.

ಉತ್ತರ ಹೀಗಿದೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಜೀವಕೋಶಗಳು ಬಣ್ಣವನ್ನು ಗುರುತಿಸಲಾರವು. ಜೊತೆಗೆ ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಅಂಗೈ ಒಡ್ಡಿದರೆ ಒದ್ದೆಯಾಗುತ್ತದೆ, ಅಷ್ಟೆ. ಬಕೆಟ್ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಂಬಿರುತ್ತದೆ. ಕಣ್ಣು ಅಂಗೈಯಂತೆ, ಕ್ಯಾಮೆರಾ ಬಕೆಟಿನಂತೆ. ನೀಹಾರಿಕೆಯ ಕೆಂಪು ಅಲ್ಲಿನ ಹೈಡ್ರೋಜನ್ ಸೂಸುವ ನಿಜವಾದ ಬೆಳಕು. ಆದರೆ ಎಲ್ಲ ಚಿತ್ರಗಳೂ ಹೀಗಲ್ಲ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಈಗಲ್ ನೀಹಾರಿಕೆಯ ಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ವಿಜ್ಞಾನಿಗಳೇ ಬಣ್ಣ ಗೊತ್ತುಮಾಡಿದರು. ಅದನ್ನು ಬಚ್ಚಿಡದೆ ಹೇಳಿಯೂ ಇದ್ದಾರೆ. ಕೂಡಿಟ್ಟ ಬೆಳಕು ಯಾವುದು, ಗೊತ್ತುಮಾಡಿದ ಬಣ್ಣ ಯಾವುದು ಎಂದು ವಿಂಗಡಿಸುವ ವಿವೇಕವೇ ವಿದ್ಯೆ. ಅದು ಬರುವುದು ಸ್ವತಃ ಒಂದು ಚಿತ್ರ ತೆಗೆದಾಗ.

ಚಿತ್ರ ತೆಗೆಯುವುದು ಹೇಗೆ? ರಾತ್ರಿಯ ಚಿತ್ರಕ್ಕೆ ವ್ಯವಸ್ಥೆಯಿರುವ ಮೊಬೈಲನ್ನು ಇಟ್ಟಿಗೆಗೆ ಒರಗಿಸಿ, ಟೈಮರ್ ಹಾಕಿ, ಹತ್ತು ಸೆಕೆಂಡುಗಳ ಚಿತ್ರ ತೆಗೆಯಿರಿ. ಮಹಾವ್ಯಾಧನ ಇಡೀ ಆಕೃತಿ ಬರುತ್ತದೆ. 50 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾ ಇದ್ದರೆ ಐದು ಸೆಕೆಂಡು ಮೀರಬೇಡಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಕ್ಷತ್ರಗಳು ಗೆರೆಗಳಾಗುತ್ತವೆ. ಬದಲಿಗೆ ಐದು ಸೆಕೆಂಡಿನ ನೂರು ಚಿತ್ರಗಳನ್ನು ತೆಗೆದು, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಕೂಡಿಸಿ. ನೂರು ಚಿತ್ರ ಕೂಡಿದರೆ ಚಿತ್ರದ ಕಾಳುಕಾಳಾದ ಗದ್ದಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಖಡ್ಗದ ನಡುವೆ ಗುಲಾಬಿ ಬಣ್ಣ ಮೂಡುತ್ತದೆ.

ಇನ್ನೂ ಹೆಚ್ಚು ಹೊತ್ತಿನ ಚಿತ್ರ ಬೇಕಾದರೆ ಬಡಗಿಯಿಂದ ಎರಡು ಹಲಗೆ ತಂದು ಬಾಗಿಲಿನ ಕೀಲು ಜೋಡಿಸಿ. ಕೀಲಿನಿಂದ 229 ಮಿಲಿಮೀಟರ್ ದೂರದಲ್ಲಿ, ಸುತ್ತಿಗೆ ಒಂದು ಮಿಲಿಮೀಟರ್ ಏರುವ ಬೋಲ್ಟ್ ಹಾಕಿ. ಕೀಲಿನ ಅಕ್ಷವನ್ನು ಧ್ರುವ ನಕ್ಷತ್ರದತ್ತ ತಿರುಗಿಸಿ. ಅದು ಕ್ಷಿತಿಜದಿಂದ ಬೆಂಗಳೂರಿನಲ್ಲಿ ಸುಮಾರು 13, ಕಲಬುರಗಿಯಲ್ಲಿ ಸುಮಾರು 17 ಡಿಗ್ರಿ ಎತ್ತರದಲ್ಲಿರುತ್ತದೆ. ಕ್ಯಾಮೆರಾವನ್ನು ಮೇಲಿನ ಹಲಗೆಗೆ ಬಿಗಿದು, ಹಲಗೆ ಪೂರ್ವದಿಂದ ಪಶ್ಚಿಮಕ್ಕೆ ಸರಿಯುವಂತೆ ನಿಮಿಷಕ್ಕೊಂದು ಸುತ್ತು ಬೋಲ್ಟ್ ತಿರುಗಿಸಿದರೆ ಅದು ನಕ್ಷತ್ರಗಳ ಜೊತೆ ಸಾಗುತ್ತದೆ. ರೇಖಾಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ಹಿತ್ತಲಿನ ಕೆಲಸವೆಂದು ಇದನ್ನು ಹಗುರವಾಗಿ ಕಾಣಬಾರದು. ಓರೈಯನ್ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ತೆಗೆದರು. ಮೂರು ವರ್ಷಗಳ ನಂತರ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ಎಂಬ ಎಂಜಿನಿಯರ್ ಈಲಿಂಗ್‌ನ ತಮ್ಮ ಮನೆಯ ತೋಟದಲ್ಲಿದ್ದ ದೂರದರ್ಶಕದಿಂದ ಅದೇ ನೀಹಾರಿಕೆಯ ಚಿತ್ರ ತೆಗೆದರು. ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಆ ಚಿತ್ರದಲ್ಲಿ ಮೂಡಿದ್ದವು. 1884ರಲ್ಲಿ ಅವರಿಗೆ ರಾಯಲ್ ಖಗೋಳ ಸಂಘದ ಚಿನ್ನದ ಪದಕ ದೊರೆಯಿತು. ಆದರೆ ಕಾಮನ್‌ರ ತೋಟದಿಂದ ಎಂದೂ ಕಾಣದ ಒಂದು ವಸ್ತು ನಮ್ಮ ಮಾಳಿಗೆಯಿಂದ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣ ದಿಕ್ಕಿನ ಕೆಳ ಆಕಾಶಕ್ಕೆ ಬರುವ ಒಮೆಗಾ ಸೆಂಟಾರಿ ಎಂಬ ಆ ಗುಚ್ಛದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ. ಲಂಡನ್ನಿನ ಆಕಾಶದಲ್ಲಿ ಅದು ಮೂಡುವುದೇ ಇಲ್ಲ.

ಕೊನೆಯದಾಗಿ ಒಂದು ಕಳವಳದ ಮಾತು. 2011ರಿಂದ 2022ರವರೆಗೆ ಜಗತ್ತಿನ 51,000 ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವು, ದೀಪಗಳಿಂದಾಗಿ ರಾತ್ರಿಯ ಆಕಾಶ ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಬೆಳಗುತ್ತಿದೆ ಎಂದಿತು. ಮಗು ಹುಟ್ಟಿದಾಗ 250 ನಕ್ಷತ್ರ ಕಾಣುವ ಜಾಗದಲ್ಲಿ, ಇದೇ ವೇಗದಲ್ಲಿ ಸಾಗಿದರೆ, ಆ ಮಗುವಿಗೆ 18 ತುಂಬುವಾಗ ಕಾಣುವುದು ನೂರು ಮಾತ್ರ. ನಾವು ಮಕ್ಕಳಿಗೆ ಮನೆ ಬಿಟ್ಟುಹೋಗುತ್ತೇವೆ, ಒಡವೆ ಬಿಟ್ಟುಹೋಗುತ್ತೇವೆ. ಅವರ ಹೆಸರಿನ ನಕ್ಷತ್ರಗಳನ್ನೂ ಉಳಿಸಿ ಹೋಗೋಣ. ಅಂಗಳದ ದೀಪಕ್ಕೆ ಕೆಳಮುಖದ ಮುಚ್ಚಳ ಹಾಕಿಸಿ, ಬೇಡದ ಹೊತ್ತಿನಲ್ಲಿ ಆರಿಸಿ. ಮುಂದಿನ ಅಮಾವಾಸ್ಯೆಯ ರಾತ್ರಿ ಅರ್ಧ ಗಂಟೆ ಮಕ್ಕಳೊಂದಿಗೆ ಮಾಳಿಗೆಯ ಮೇಲೆ ಕುಳಿತುಕೊಳ್ಳಿ. ಚಾಪೆಯೊಂದನ್ನು ಮರೆಯದೆ ಒಯ್ಯಿರಿ, ಕತ್ತು ನೋಯುವುದಿಲ್ಲ.