ಜೀನೋಮ್ ಓದುವ ಮೊದಲು ರಕ್ತದ ಕಲ್ಚರ್



ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ 2016ರ ಕೊನೆಯಿಂದ ಟೈಫಾಯಿಡ್ ಜ್ವರ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಜಗ್ಗದಾಯಿತು. ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮೋಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್‌ಗಳನ್ನೂ ಆ ರೋಗಾಣು ತಡೆದುಕೊಳ್ಳುತ್ತಿತ್ತು. ಬಾಯಲ್ಲಿ ನುಂಗಿಸಬಹುದಾದ ಔಷಧಗಳಲ್ಲಿ ನೆಚ್ಚಬಹುದಾದದ್ದು ಅಜಿತ್ರೋಮೈಸಿನ್ ಒಂದೇ. ಯಾವ ಔಷಧದ ಡಿಸ್ಕಿನ ಸುತ್ತ ರೋಗಾಣು ಬೆಳೆಯಿತು, ಯಾವುದರ ಸುತ್ತ ಬೆಳೆಯಲಿಲ್ಲ ಎಂಬಷ್ಟನ್ನು ಪೆಟ್ರಿ ತಟ್ಟೆ ಹೇಳುತ್ತದೆ. ಹೊರಗಿನಿಂದ ಹೊಸ ತಳಿ ಬಂತೇ, ಊರಲ್ಲಿದ್ದ ತಳಿಯೇ ಬಲಿಯಿತೇ, ಬೇರೆ ಬೇರೆ ಮನೆಗಳ ಜ್ವರಕ್ಕೆ ಮೂಲ ಒಂದೇ ಏನು ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಸಿಕ್ಕಿದ್ದು ಜೀನೋಮಿನಲ್ಲಿ. ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸಾಲ್ಮೊನೆಲ್ಲಾ ಟೈಫಿ ದಕ್ಷಿಣ ಏಷ್ಯಾದಲ್ಲಿ ಮೊದಲೇ ಬೇರೂರಿದ್ದ ಎಚ್58 ವಂಶಕ್ಕೇ ಸೇರಿದ್ದು. ಹೊಸತಾಗಿ ಸೇರಿಕೊಂಡದ್ದು ಒಂದು ಪ್ಲಾಸ್ಮಿಡ್, ಎಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರ. ಸೆಫ್ಟ್ರಿಯಾಕ್ಸೋನನ್ನು ಒಡೆಯುವ ಕಿಣ್ವದ ಜೀನ್ ಇದ್ದದ್ದು ಅದರಲ್ಲಿಯೇ. ಇ. ಕೊಲೈ ಬ್ಯಾಕ್ಟೀರಿಯಾಗಳಲ್ಲಿಯೂ ಇಂಥದೇ ಪ್ಲಾಸ್ಮಿಡ್ ಕಂಡಿತ್ತು. ಟೈಫಿಯ ಜೀನೋಮಿನಲ್ಲಿ ಸುಮಾರು 48 ಲಕ್ಷ ಅಕ್ಷರಗಳಿವೆ. ಹಲವು ರೋಗಿಗಳಿಂದ ಬಂದ ರೋಗಾಣುಗಳ ನಡುವೆ ಬೆರಳೆಣಿಕೆಯ ಅಕ್ಷರಗಳಷ್ಟೇ ಬೇರೆಯಾಗಿದ್ದರೆ ಅವು ಇತ್ತೀಚೆಗೆ ಕವಲೊಡೆದ ಒಂದೇ ತಳಿ ಎಂದು ಹೇಳಬಹುದು. ಒಬ್ಬೊಬ್ಬ ರೋಗಿಯ ದೇಹದಲ್ಲಿ ಪ್ರತಿರೋಧ ಬೇರೆಬೇರೆಯಾಗಿ ಹುಟ್ಟಿದ್ದಲ್ಲ, ಪ್ರತಿರೋಧ ಪಡೆದ ಒಂದು ತಳಿ ಊರಲ್ಲಿ ಹರಡಿತು ಎಂಬುದು ಹೀಗೆ ಖಚಿತವಾಯಿತು. ವೈದ್ಯರು ಔಷಧ ಬದಲಿಸುವುದರಿಂದ ಮಾತ್ರ ನಿಲ್ಲುವ ಕಾಯಿಲೆಯಲ್ಲ ಇದು ಎಂಬ ಅರಿವು ಬರುವುದು ಇಲ್ಲಿಂದ.

ಕುಡಿಯುವ ನೀರು, ಚರಂಡಿ ಸರಿಯಿಲ್ಲದ ಕಡೆ ಜೀನೋಮಿಗೆ ಹಣ ಸುರಿಯುವುದು ಸರಿಯೇ ಎಂಬ ಆಕ್ಷೇಪವಿದೆ. ಅದರ ಹಿಂದಿನ ಕಳಕಳಿ ನನಗೂ ಇದೆ. ಆದರೆ ಅದೇ ಹೈದರಾಬಾದಿನಲ್ಲಿ ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ ಪ್ರಕರಣಗಳು ಕೊಳಚೆ ಕೊಳವೆಗಳ ಸುತ್ತ ಗುಂಪುಗೂಡಿದ್ದವು. ಆ ನಕ್ಷೆಯ ಪಕ್ಕದಲ್ಲಿ ಜೀನೋಮನ್ನಿಟ್ಟರೆ ನೀರಿನ ವಾದಕ್ಕೇ ಬಲ ಬರುತ್ತದೆ. 2019ರಲ್ಲಿ ಪಾಕಿಸ್ತಾನ ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು ಮಕ್ಕಳ ವಾಡಿಕೆಯ ಲಸಿಕೆಗಳಿಗೆ ಸೇರಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಬಳಸಿದ ಲಸಿಕೆ ತಯಾರಾದದ್ದು ನಮ್ಮ ತೆಲಂಗಾಣದ ಹೈದರಾಬಾದಿನಲ್ಲಿ. ಈ ನಿರ್ಧಾರ ಜೀನೋಮ್ ಒಂದರಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಜೀನೋಮಿಗೆ ಮಿತಿಯೂ ಇದೆ: ಟೈಫಿ ಬದಲಾಗುವುದು ತೀರಾ ನಿಧಾನ, ವರ್ಷಕ್ಕೆ ಸರಾಸರಿ ಒಂದು ಅಕ್ಷರವೂ ಇಲ್ಲ. ಆದ್ದರಿಂದ ಯಾರಿಂದ ಯಾರಿಗೆ ಅಂಟಿತು ಎಂಬುದನ್ನು ಬರೀ ಅಕ್ಷರ ನೋಡಿ ತೀರ್ಮಾನಿಸಲಾಗದು. ಮನೆಮನೆಗೆ ಹೋಗಿ ವಿಚಾರಿಸುವ ಆರೋಗ್ಯ ಕಾರ್ಯಕರ್ತರ ಕೆಲಸ ತಪ್ಪಿದ್ದಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಕಲ್ಚರಿನಲ್ಲಿ ಬೆಳೆಯದ ರೋಗಾಣುವಿನ ಜೀನೋಮನ್ನು ಓದುವುದೆಲ್ಲಿಂದ? ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಹಲವೊಮ್ಮೆ ಒಂದೇ ಒಂದು ಟೈಫಿ ಇರಬಹುದು. ರಕ್ತದ ಕಲ್ಚರ್ ಹಿಡಿಯುವುದು ನೂರರಲ್ಲಿ ಸುಮಾರು 60 ಪ್ರಕರಣಗಳನ್ನು. ಮೊದಲೇ ಆ್ಯಂಟಿಬಯಾಟಿಕ್ ನುಂಗಿದ್ದರೆ ಇನ್ನೂ ಕಡಿಮೆ. ನಮ್ಮ ಊರುಗಳಲ್ಲಿ ಅಷ್ಟೂ ನಡೆಯುವುದಿಲ್ಲ. ರಕ್ತದಲ್ಲಿ ಪ್ರತಿಕಾಯಗಳನ್ನಷ್ಟೇ ಹುಡುಕುವ ವಿಡಾಲ್ ಪರೀಕ್ಷೆಯ ಚೀಟಿ ನೋಡಿ ಔಷಧ ಬರೆಯುವ ರೂಢಿ ಇನ್ನೂ ಬಿಟ್ಟಿಲ್ಲ, ಮತ್ತು ಆ ಚೀಟಿಯಿಂದ ಜೀನೋಮ್ ಹುಟ್ಟದು. ಬೆಂಗಳೂರಿನ ಕಿಮ್ಸ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯ ಕೊಲಂಬಿಯಾ, ನೈಜೀರಿಯಾ, ಫಿಲಿಪೀನ್ಸ್‌ಗಳ ಜೊತೆ ಜೀನೋಮ್ ಕಣ್ಗಾವಲಿನಲ್ಲಿ ಕೈಜೋಡಿಸಿರುವಾಗ ನಮ್ಮಲ್ಲಿ ತಜ್ಞತೆ ಇಲ್ಲವೆನ್ನುವಂತಿಲ್ಲ. ಕೊರತೆ ಇರುವುದು ಅದಕ್ಕೂ ಹಿಂದಿನ ಮೆಟ್ಟಿಲಿನಲ್ಲಿ. ಹೀಗೆಯೇ ಮುಂದುವರಿದರೆ ದೊಡ್ಡಾಸ್ಪತ್ರೆಗೆ ಬರಬಲ್ಲವರ ರೋಗಾಣುವನ್ನಷ್ಟೇ ಓದಿ, ಅದನ್ನೇ ನಾಡಿನ ಚಿತ್ರವೆಂದು ನಂಬುತ್ತೇವೆ.

ಅಜಿತ್ರೋಮೈಸಿನ್‌ಗೂ ಬಗ್ಗದ ಟೈಫಿಯಲ್ಲಿ ಎಸಿಆರ್‌ಬಿ ಜೀನಿನ ಒಂದೇ ಜಾಗದ ಬದಲಾವಣೆ ಇದೆಯೆಂದು ಬಾಂಗ್ಲಾದೇಶದ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ಏನನ್ನು ಹುಡುಕಬೇಕೆಂಬುದು ಗೊತ್ತಾಗಿದೆ. ಆದ್ದರಿಂದ ಈ ಸಮ್ಮೇಳನ ಎರಡು ನಿರ್ಣಯಗಳನ್ನು ಒಟ್ಟಿಗೆ ಅಂಗೀಕರಿಸಬೇಕೆಂದು ಕೋರುತ್ತೇನೆ: ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್ ಕೊಡುವ ಮೊದಲೇ ರಕ್ತದ ಕಲ್ಚರ್ ಆಗಬೇಕು; ಅಲ್ಲಿ ಬೆಳೆದ ಟೈಫಿಯನ್ನು ಸೀಕ್ವೆನ್ಸ್ ಮಾಡಿದ ಕೇಂದ್ರವು ಫಲಿತಾಂಶವನ್ನು ರೋಗಿಯ ಹೆಸರಿಲ್ಲದೆ, ಊರು ಮತ್ತು ತಿಂಗಳನ್ನು ನಮೂದಿಸಿ, ಚಿಕಿತ್ಸೆ ಕೊಡುವ ವೈದ್ಯರಿಗೂ ನೀರು ಸರಬರಾಜಿನ ಎಂಜಿನಿಯರಿಗೂ ಒಂದೇ ದಿನ ಕಳಿಸಬೇಕು.