ಹಳೆಯ ವಾಹನದ ಫ್ಯೂಯೆಲ್ ಪಂಪು ಕೆಟ್ಟಾಗ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳೆದ ಬೆಳೆ ಮಾರುಕಟ್ಟೆ ಸೇರುವವರೆಗೆ ಬೇಸಾಯ ಮುಗಿಯಿತೆಂದು ಹೇಳಲಾಗದು. ಸಂಜೆ ಕೊಯ್ದ ಹೂವು, ಟೊಮ್ಯಾಟೊ, ಹುರುಳಿಕಾಯಿ ಮರುದಿನ ಹರಾಜಿನ ವೇಳೆಗೆ ಮಂಡಿಯಲ್ಲಿರಬೇಕು. ಎರಡು ಗಂಟೆ ತಡವಾದರೆ ಮೂರು ತಿಂಗಳ ದುಡಿಮೆಯ ಬೆಲೆ ಇಳಿದುಹೋಗುತ್ತದೆ. ಹಲವು ಮನೆಗಳಲ್ಲಿ ಈ ಕೆಲಸಕ್ಕೆ ಇಂದಿಗೂ ಆಸರೆಯಾಗಿರುವುದು ಲಕ್ಷ ಕಿಲೋಮೀಟರು ದಾಟಿದ ಹಳೆಯ ಕಾರು ಅಥವಾ ವ್ಯಾನು. 1984ರಲ್ಲಿ ಬಂದ ಮಾರುತಿ ವ್ಯಾನು ಮುಂದೆ ಓಮ್ನಿ ಎಂಬ ಹೆಸರಿನಲ್ಲಿ 2019ರವರೆಗೆ ತಯಾರಾಯಿತು. ಅವುಗಳಲ್ಲಿ ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳು ಇನ್ನೂ ಹಳ್ಳಿಯ ರಸ್ತೆಗಳಲ್ಲಿ ಓಡುತ್ತಿವೆ. ಇಂಥ ವಾಹನ ದಾರಿಯಲ್ಲಿ ನಿಲ್ಲಲು ಒಂದು ಮುಖ್ಯ ಕಾರಣ ಫ್ಯೂಯೆಲ್ ಪಂಪು.

ಪಂಪು ಕೆಲಸ ಮಾಡುವ ಬಗೆ

ಕಾರ್ಬ್ಯುರೇಟರ್ ವಾಹನದ ಪಂಪನ್ನು ಮೆಕ್ಯಾನಿಕ್‌ಗಳು ‘ಎ.ಸಿ. ಪಂಪು’ ಎನ್ನುತ್ತಾರೆ. ಬೆನ್ನಿಗೆ ಕಟ್ಟುವ ಸಿಂಪರಣಾ ಯಂತ್ರದ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದಾಗ ಔಷಧಿ ಏರುವಂತೆಯೇ ಇಲ್ಲಿಯೂ ನಡೆಯುತ್ತದೆ. ಎಂಜಿನ್ನಿನ ಕ್ಯಾಮ್ ಶಾಫ್ಟ್ ತಿರುಗಿದಾಗ ಪಂಪಿನ ಒಂದು ತೋಳು ಆಡುತ್ತದೆ. ತೋಳು ಡಯಾಫ್ರಂ ಎಂಬ ರಬ್ಬರ್ ಪರದೆಯನ್ನು ಎಳೆಯುತ್ತದೆ. ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ. ಒಂದು ವಾಲ್ವು ಟ್ಯಾಂಕಿನಿಂದ ಪೆಟ್ರೋಲನ್ನು ಒಳಗೆ ಬಿಟ್ಟರೆ ಇನ್ನೊಂದು ಕಾರ್ಬ್ಯುರೇಟರಿಗೆ ಕಳಿಸುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿದ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ವಾಲ್ವುಗಳು ಸರಿಯಾಗಿ ಮುಚ್ಚುವುದಿಲ್ಲ.

ಈಗ ಇನ್ನೊಂದು ಕಾರಣವೂ ಸೇರಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಕಬ್ಬು, ಮೆಕ್ಕೆಜೋಳ ಮೊದಲಾದ ಬೆಳೆಗಳಿಂದ ಬರುವ ಈ ಎಥೆನಾಲ್ ಬೆಳೆಗಾರರಿಗೆ ಮಾರುಕಟ್ಟೆಯನ್ನು ಒದಗಿಸಿದೆ. ಆದರೆ ಅದು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಅದಕ್ಕೆ ತಕ್ಕಂತೆ ತಯಾರಾಗದ ಹಳೆಯ ರಬ್ಬರು ಉಬ್ಬುತ್ತದೆ, ಇಲ್ಲವೇ ಬಿರಿಯುತ್ತದೆ. ಕಬ್ಬು ಬೆಳೆಯುವ ಮನೆಯಲ್ಲೇ ಹಳೆಯ ವ್ಯಾನೂ ಇದ್ದರೆ ಈ ಎರಡೂ ಮಾತು ನೆನಪಿರಬೇಕು.

ದೋಷ ಪಂಪಿನದೇ?

ಪಂಪ್‌ಸೆಟ್ಟು ನೀರೆತ್ತದಿದ್ದರೆ ತಿಳಿದ ರೈತನು ಕೂಡಲೇ ಪಂಪನ್ನು ಬಿಚ್ಚುವುದಿಲ್ಲ. ಫುಟ್‌ವಾಲ್ವು ಹಾಗೂ ಗಾಳಿ ಎಳೆಯುವ ಜೋಡಣೆಯನ್ನು ಮೊದಲು ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ ಸರಿ. ಏರಿನಲ್ಲಿ ಶಕ್ತಿ ಕುಂದುವುದು, ವೇಗದಲ್ಲಿ ಮುಗ್ಗರಿಸುವುದು, ಬಿಸಿಲಿನಲ್ಲಿ ನಿಂತು ತಣ್ಣಗಾದ ಮೇಲೆ ಮತ್ತೆ ಹೊರಡುವುದು ಪೆಟ್ರೋಲ್ ಸಾಲದ ಲಕ್ಷಣಗಳು. ಆಗ ಈ ಕ್ರಮದಲ್ಲಿ ಪರೀಕ್ಷಿಸಬೇಕು:

1. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಬೇಕು. ಎಂಜಿನ್ ಸರಿಯಾಗಿ ನಡೆದರೆ ಗಾಳಿ ಹೋಗುವ ದಾರಿ ಕಟ್ಟಿದೆ ಎಂದರ್ಥ.

2. ಫಿಲ್ಟರು ಕಟ್ಟಿದೆಯೇ, ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ ನೋಡಬೇಕು. ಈ ಭಾಗದ ಬಿರುಕಿನಿಂದ ಪೆಟ್ರೋಲು ಸೋರದೆ ಗಾಳಿ ಮಾತ್ರ ಒಳಗೆ ಹೋಗಬಹುದು.

3. ಎಂಜಿನ್ ತಣ್ಣಗಿರುವಾಗ ಇಗ್ನಿಷನ್ ಕಾಯಿಲಿನ ತಂತಿಯನ್ನು ಕಳಚಿ, ಕಿಡಿ ಬಾರದಂತೆ ಮಾಡಬೇಕು. ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಅದರ ತುದಿಯನ್ನು ಡಬ್ಬಿಯಲ್ಲಿಟ್ಟು ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಬೇಕು. ಪೆಟ್ರೋಲು ಬಿಟ್ಟು ಬಿಟ್ಟು ರಭಸವಾಗಿ ಬಂದರೆ ಪಂಪು ಸರಿಯಾಗಿದೆ.

4. ಎಂಜಿನ್ ಆಯಿಲಿನ ಅಳತೆಕಡ್ಡಿಯನ್ನು ಎಳೆದು ನೋಡಬೇಕು. ಆಯಿಲಿನ ಮಟ್ಟ ಏರಿ ಪೆಟ್ರೋಲಿನ ವಾಸನೆ ಬಂದರೆ ಡಯಾಫ್ರಂ ಹರಿದಿರುವ ಸಂಭವ ಹೆಚ್ಚು. ಹೀಗೆ ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗುಗಳು ಸವೆದು ಎಂಜಿನ್ನೇ ಹಾಳಾಗುತ್ತದೆ.

ದಾರಿಯಲ್ಲಿ ಪಂಪು ಕೈಕೊಟ್ಟಾಗ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ, ಮೇಲೆ ತೂಗುಹಾಕಿ, ಕಾರ್ಬ್ಯುರೇಟರಿಗೆ ನೇರವಾಗಿ ಬಿಡುವ ರೂಢಿ ಕೆಲವೆಡೆ ಇದೆ. ಓಮ್ನಿಯಂಥ ವಾಹನದಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಬಾಟಲಿ ಜಾರಿದರೆ ಬೆಂಕಿ ಹತ್ತುವುದು ಕುಳಿತವರ ಕಾಲಬುಡದಲ್ಲೇ. ಹೊರೆ ತಡವಾದರೂ ಚಿಂತೆಯಿಲ್ಲ, ಈ ಕೆಲಸಕ್ಕೆ ಕೈ ಹಾಕಬಾರದು.

ಬದಲಾಯಿಸುವ ಕ್ರಮ

ಕೆಲಸವನ್ನು ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ ಮಾಡಬೇಕು. ಬೀಡಿ, ದೀಪ, ಒಲೆ ಹತ್ತಿರ ಇರಕೂಡದು. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಬೇಕು. ಯಾವ ಕೊಳವೆ ಎಲ್ಲಿಗೆ ಎಂಬುದನ್ನು ಗುರುತು ಹಾಕಿಕೊಂಡು ಬಿಚ್ಚಿ, ಟ್ಯಾಂಕಿನ ಕಡೆಯ ಕೊಳವೆಗೆ ಬಿರಟೆ ಹಾಕಬೇಕು. ಬೋಲ್ಟುಗಳನ್ನು ಸಡಿಲಿಸಿ ಪಂಪನ್ನು ನಿಧಾನವಾಗಿ ಹೊರತೆಗೆಯಬೇಕು.

ಪಂಪಿಗೂ ಎಂಜಿನ್ನಿಗೂ ನಡುವೆ ಇರುವ ದಪ್ಪನೆಯ ಬಿಲ್ಲೆಯನ್ನು ಎಸೆಯಬಾರದು. ಅದು ಎಂಜಿನ್ನಿನ ಶಾಖವನ್ನು ತಡೆಯುತ್ತದೆ. ತೋಳು ಎಷ್ಟು ಆಡಬೇಕೆಂಬುದೂ ಅದರ ದಪ್ಪವನ್ನೇ ಅವಲಂಬಿಸಿದೆ. ದಪ್ಪ ಹೆಚ್ಚಾದರೆ ಪೆಟ್ರೋಲು ಸಾಲದು. ಕಡಿಮೆಯಾದರೆ ತೋಳಿನ ಮೇಲೆ ಒತ್ತಡ ಬಿದ್ದು ಹೊಸ ಪಂಪೂ ಬೇಗ ಕೆಡುತ್ತದೆ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳು ಎಂಜಿನ್ನಿನೊಳಗೆ ಬೀಳದಂತೆ ಕೆರೆದು, ಎರಡೂ ಬದಿಗೆ ಹೊಸದನ್ನು ಹಾಕಬೇಕು.

ಹೊಸ ಪಂಪನ್ನು ಕೂರಿಸುವಾಗ ಕೈಗೆ ಬಹಳ ಬಿಗಿ ಎನಿಸಿದರೆ ಕ್ಯಾಮಿನ ಎತ್ತರದ ಭಾಗ ತೋಳಿಗೆ ತಾಗಿದೆ ಎಂದು ತಿಳಿಯಬೇಕು. ಎಂಜಿನ್ನನ್ನು ಕೈಯಿಂದ ಸ್ವಲ್ಪ ತಿರುಗಿಸಿದರೆ ಪಂಪು ಸಲೀಸಾಗಿ ಕೂರುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸಮವಾಗಿ ಬಿಗಿಯಬೇಕು. ಇದೇ ಸಮಯದಲ್ಲಿ ಫಿಲ್ಟರು, ಕ್ಲಿಪ್ಪು ಹಾಗೂ ಎಥೆನಾಲ್ ತಡೆಯುವ ಹೊಸ ಕೊಳವೆಗಳನ್ನು ಹಾಕಿಸುವುದು ಲೇಸು. ಆಯಿಲಿನಲ್ಲಿ ಪೆಟ್ರೋಲು ಸೇರಿದ್ದರೆ ಎಂಜಿನ್ ಚಾಲೂ ಮಾಡುವ ಮೊದಲೇ ಆಯಿಲನ್ನು ಬದಲಾಯಿಸಬೇಕು. ಚಾಲೂ ಆದ ಮೇಲೆ ಪ್ರತಿಯೊಂದು ಜೋಡಣೆಯನ್ನೂ ನೋಡಿ, ಒಂದು ಹನಿ ಸೋರಿದರೂ ಕೂಡಲೇ ನಿಲ್ಲಿಸಬೇಕು.

ವಿದ್ಯುತ್ ಪಂಪು ಇರುವ ವಾಹನ

ಎಂಪಿಎಫ್‌ಐ ವಾಹನಗಳಲ್ಲಿ ಸಾಮಾನ್ಯವಾಗಿ ಟ್ಯಾಂಕಿನೊಳಗೆ ವಿದ್ಯುತ್ ಪಂಪು ಇರುತ್ತದೆ. ಕೀಲಿ ತಿರುಗಿಸಿದಾಗ ಎರಡು ಮೂರು ಸೆಕೆಂಡು ಗುಂಯ್ ಎಂಬ ಸದ್ದು ಕೇಳಬೇಕು. ಸದ್ದು ಇಲ್ಲದಿದ್ದರೆ ಮೊದಲು ಫ್ಯೂಸು, ರಿಲೇ ಮತ್ತು ತುಕ್ಕು ಹಿಡಿದ ಅರ್ಥಿಂಗ್ ಜೋಡಣೆಯನ್ನು ಪರೀಕ್ಷಿಸಬೇಕು. ಇಲ್ಲಿ ಕೊಳವೆಯೊಳಗೆ ಚದರ ಸೆಂಟಿಮೀಟರಿಗೆ ಸುಮಾರು 3 ಕಿಲೋಗ್ರಾಂ ಒತ್ತಡವಿರುವುದರಿಂದ, ಒತ್ತಡ ಇಳಿಸದೆ ಬಿಚ್ಚಿದರೆ ಪೆಟ್ರೋಲು ಚಿಮ್ಮುತ್ತದೆ. ಈ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೇ ಬಿಡುವುದು ಒಳ್ಳೆಯದು. ಈ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ಆದ್ದರಿಂದ ಟ್ಯಾಂಕು ಸದಾ ತಳ ಹತ್ತಿರುವಂತೆ ಓಡಿಸಿದರೆ ಪಂಪಿನ ಆಯುಸ್ಸು ಕಡಿಮೆಯಾಗುತ್ತದೆ.

ಪಂಪನ್ನು ಕೊಳ್ಳುವಾಗ ವಾಹನದ ಮಾದರಿ, ತಯಾರಾದ ವರ್ಷ ಹೇಳಿ, ಸಾಧ್ಯವಾದರೆ ಹಳೆಯದನ್ನೂ ಅಂಗಡಿಗೆ ಒಯ್ದು ಹೋಲಿಸಿ ನೋಡಬೇಕು. ಕೆಲಸವನ್ನು ಬೇರೆಯವರಿಂದ ಮಾಡಿಸಿದರೆ ಹಳೆಯ ಪಂಪನ್ನು ಕೇಳಿ ಪಡೆಯಬೇಕು. ವಿಸ್ತರಣಾ ಕಾರ್ಯಕರ್ತರು ಟ್ರಾಕ್ಟರು, ಸಿಂಪರಣಾ ಯಂತ್ರಗಳ ರಕ್ಷಣೆಯ ಬಗ್ಗೆ ತಿಳಿಸುವಾಗ ಮಾಲು ಹೊರುವ ಈ ವಾಹನಗಳನ್ನೂ ಸೇರಿಸಿಕೊಳ್ಳುವುದು ಸೂಕ್ತ. ಕೊಯ್ಲು ಆರಂಭವಾಗುವ ಮೊದಲೇ ಒಂದು ಬಿಡುವಿನ ದಿನ ಕೊಳವೆ, ಫಿಲ್ಟರು, ಪಂಪುಗಳನ್ನು ಪರೀಕ್ಷಿಸಿಕೊಂಡರೆ ಹರಾಜಿನ ದಿನ ರಸ್ತೆಯಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ.