ರಕ್ತದ ಸುತ್ತು ಮತ್ತು ಹಾವಿನ ಕಟ್ಟು

(ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರ, ಬಿತ್ತನೆಯ ಮಾತನ್ನು ಬದಿಗಿಟ್ಟು ಈ ಹೊತ್ತು ಮೈಯೊಳಗಿನ ರಕ್ತದ ವಿಷಯ ಹೇಳುತ್ತೇನೆ. ಮಳೆಗಾಲ ಬಂತು. ಕಳೆ ಕೀಳುವಾಗ, ಹುಲ್ಲು ಕೊಯ್ಯುವಾಗ ಹಾವು ಕಡಿಯುವ ಕಾಲ ಇದು. ಕಡಿದ ಕೂಡಲೇ ನಾವು ಮಾಡುವ ಮೊದಲ ಕೆಲಸ, ಹಗ್ಗದಿಂದಲೋ ವಸ್ತ್ರದಿಂದಲೋ ಬಿಗಿದು ಕಟ್ಟುವುದು. ಅದು ಸರಿಯೇ ಎಂಬುದು ರಕ್ತದ ಓಟ ತಿಳಿದರೆ ತಾನಾಗಿ ಗೊತ್ತಾಗುತ್ತದೆ.

ಹೃದಯವೆಂದರೆ ಮುಷ್ಟಿಯಷ್ಟು ದೊಡ್ಡ ಮಾಂಸದ ಪಂಪು. ಒಂದಲ್ಲ, ಅಂಟಿಕೊಂಡ ಎರಡು ಪಂಪುಗಳೆನ್ನಿ. ಬಲಗಡೆಯದು ಮೈಯಿಂದ ಮರಳಿದ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಅಲ್ಲಿ ಪ್ರಾಣವಾಯು ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯದು ತಲೆಯಿಂದ ಕಾಲ್ಬೆರಳವರೆಗೆ ಕಳಿಸುತ್ತದೆ. ಬಾವಿಯ ಪಂಪಿನ ಫುಟ್‌ವಾಲ್ವಿನಂತೆ ಇಲ್ಲಿಯೂ ಕವಾಟಗಳಿವೆ. ಎದೆಗೆ ಕಿವಿಯಿಟ್ಟರೆ ಕೇಳುವುದು ಅವು ಮುಚ್ಚುವ ಸದ್ದು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ನಿಮಿಷಕ್ಕೆ 70 ಬಡಿತ, ಬಡಿತಕ್ಕೆ 70 ಮಿಲಿಲೀಟರ್ ಎಂದು ಲೆಕ್ಕ ಹಾಕಿ. ಸುಮ್ಮನೆ ಕುಳಿತಿದ್ದರೂ ನಿಮಿಷಕ್ಕೊಂದು ಸುತ್ತು!

ಗದ್ದೆಗೆ ಹಾಯಿಸಿದ ನೀರು ಅಲ್ಲೇ ಇಂಗುತ್ತದೆ, ರಕ್ತ ಮರಳಿ ಬರುತ್ತದೆ. ಯುರೋಪಿನ ಪಂಡಿತರು ಬಹುಕಾಲ ರಕ್ತವು ಅಂಗಾಂಗಗಳಲ್ಲಿ ಖರ್ಚಾಗಿ ಹೋಗುತ್ತದೆಂದೇ ನಂಬಿದ್ದರು. ಅದು ಸುತ್ತುತ್ತದೆಂದು 1628ರಲ್ಲಿ ಪುಸ್ತಕ ಬರೆದು ತೋರಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಅವರು ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ತೀರ ಬಿಗಿದಾಗ ಮಣಿಕಟ್ಟಿನ ನಾಡಿ ನಿಂತು ಕೈ ತಣ್ಣಗಾಯಿತು, ಏಕೆಂದರೆ ಒಳಬರುವ ರಕ್ತವೇ ನಿಂತಿತ್ತು. ಕೊಂಚ ಸಡಿಲಿಸಿದಾಗ ಕೈ ಕೆಂಪಾಗಿ, ನಾವು ನರಗಳೆನ್ನುವ ನೀಲಿ ಗೆರೆಗಳು ಕಟ್ಟಿನ ಕೆಳಗೆ ಉಬ್ಬಿದವು. (ಅವು ನರಗಳಲ್ಲ, ರಕ್ತ ಮರಳುವ ನಾಳಗಳು.) ಆಳದ ನಾಳದಲ್ಲಿ ರಕ್ತ ಬರುತ್ತಿತ್ತು, ಮರಳುವ ದಾರಿ ಮಾತ್ರ ಮುಚ್ಚಿತ್ತು.

ಹಾವು ಕಡಿದಾಗ ನಾವು ಕಟ್ಟುವುದು ಹಾರ್ವೆಯವರ ಮೊದಲ ಕಟ್ಟನ್ನು, ಅದೂ ಗಂಟೆಗಟ್ಟಲೆ. ಕೆಳಗಿನ ಮಾಂಸಕ್ಕೆ ಪ್ರಾಣವಾಯು ಸಿಗದೆ ಅದು ಸಾಯುತ್ತದೆ. ಬದುಕಿದವರೂ ಕಾಲು ಕಳೆದುಕೊಳ್ಳಬಹುದು. ಇಷ್ಟಾದರೂ ವಿಷದ ದಾರಿ ಹೆಚ್ಚಾಗಿ ಬೇರೆಯದೇ. ರಕ್ತನಾಳಗಳಲ್ಲದೆ ಮೈಯಲ್ಲಿ ದುಗ್ಧರಸದ ಸಣ್ಣ ನಾಳಗಳಿವೆ. ಅವಕ್ಕೆ ಹೃದಯದ ಪಂಪಿಲ್ಲ. ನಾವು ನಡೆದಾಗ, ಓಡಿದಾಗ ಮಾಂಸಖಂಡಗಳು ಹಿಂಡಿ ಆ ರಸವನ್ನು ಮುಂದೂಡುತ್ತವೆ. ವಿಷ ಬಹುಮಟ್ಟಿಗೆ ಅದರೊಡನೆ ಸಾಗುತ್ತದೆ. ಆದ್ದರಿಂದ ಕಡಿಸಿಕೊಂಡವರನ್ನು ನಡೆಸಬೇಡಿ. ಮುರಿದ ಮೂಳೆಗೆ ಕಟ್ಟುವಂತೆ ಬಿದಿರಿನ ದಬ್ಬೆಯಿಟ್ಟು, ರಕ್ತ ನಿಲ್ಲದಷ್ಟು ಸಡಿಲವಾಗಿ ಕಟ್ಟಿ, ಅಲುಗದಂತೆ ಹೊತ್ತು ಸಾಗಿಸಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ವೈದ್ಯರ ಎದುರಿಗೇ ಬಿಚ್ಚಿಸಿ.

ಬ್ಲೇಡಿನಿಂದ ಕೊಯ್ಯುವುದು ಇನ್ನೂ ಕೆಟ್ಟದ್ದು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಗೊಡುವುದಿಲ್ಲ; ಕೊಯ್ದ ಗಾಯ ನಿಲ್ಲದೆ ಸುರಿಯುತ್ತದೆ. ಮಂತ್ರ ಹಾಕುವವರನ್ನು ನಾನು ಹಳಿಯಲಾರೆ, ಬೇಕಾದರೆ ಅವರೂ ಗಾಡಿ ಹತ್ತಿ ಜೊತೆಗೆ ಬರಲಿ. ವಿಷಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷದ ಸೂಜಿ ಒಂದೇ.

ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಮದ್ದು ಸಿಗುತ್ತದೆಂದು ಈ ವಾರವೇ ವಿಚಾರಿಸಿ, ಅದರ ಹೆಸರನ್ನೂ 108ರ ಸಂಖ್ಯೆಯನ್ನೂ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಡಿ.